ಹಿಟ್ಟು ತಡೆಯುವ ಒಲೆ

ಬೆಳಗ್ಗೆ ಏಳೂ ಮುಕ್ಕಾಲು. ರೇಡಿಯೋದಲ್ಲಿ ವಾರ್ತೆ ಮುಗಿದಿತ್ತು. ಅಣ್ಣ ಹಿತ್ತಲಿನಲ್ಲಿ ಮುಖಕ್ಕೆ ಸೋಪು ಹಚ್ಚಿಕೊಳ್ಳುತ್ತಿದ್ದ. ನಾನು ನಡುಮನೆಯಲ್ಲಿ ಕೂತು ಜಡೆ ಹಾಕಿಕೊಳ್ಳುತ್ತಿದ್ದೆ. ಆಗ ಅಡುಗೆಮನೆಯಲ್ಲಿ ಪಂಪ್ ಸ್ಟೌವಿನ ಸದ್ದು ಬದಲಾಯಿತು.

ದಿನವೂ ಒಂದೇ ಸಮನೆ ಭರ್ರೆನ್ನುತ್ತಿದ್ದ ಸ್ಟೌವು ಅದು. ಆ ಸದ್ದಿಗೆ ನಾವು ಎಷ್ಟು ಒಗ್ಗಿಹೋಗಿದ್ದೆವು ಎಂದರೆ, ನಿಂತಾಗ ಮಾತ್ರ ಅದು ಕಿವಿಗೆ ಬೀಳುತ್ತಿತ್ತು. ಆವತ್ತು ಅದರ ನಡುವೆ ಬಿಕ್ಕಳಿಕೆಯಂಥದೊಂದು ಬಂತು. ಮತ್ತೆ ಭರ್ರೆಂದಿತು, ಮತ್ತೆ ಬಿಕ್ಕಿತು. ನಾನು ಜಡೆಯ ಎಳೆಗಳನ್ನು ಕೈಯಲ್ಲಿ ಹಿಡಿದುಕೊಂಡೇ ತಲೆ ಎತ್ತಿದೆ.

ಬಾಗಿಲಿನಿಂದ ಅತ್ತಿಗೆಯ ಬೆನ್ನು ಕಾಣುತ್ತಿತ್ತು. ಮಣೆಯ ಮೇಲೆ ಕೂತು, ಸ್ಟೌವಿನ ಮೇಲಿದ್ದ ಪಾತ್ರೆಯಲ್ಲಿ ರಾಗಿ ಹಿಟ್ಟು ತೊಳಸುತ್ತಿದ್ದರು. ಎಡಗೈಯಲ್ಲಿ ಪಾತ್ರೆಯ ಕಂಠಕ್ಕೆ ಕವೆಗೋಲು ಒತ್ತಿ ಹಿಡಿದು, ಬಲಗೈಯಲ್ಲಿ ಹಿಟ್ಟಿನ ಕೋಲು ತಿರುಗಿಸುತ್ತ, ಇಡೀ ಮೈಯ ಭಾರವನ್ನು ಅದರ ಮೇಲೆ ಹಾಕಿದ್ದರು. ಸ್ಟೌವಿನ ಒಂದು ಕಾಲು ಹೊರಕ್ಕೆ ಜಾರಿತು. ಪಾತ್ರೆ ವಾಲಿತು. ಬೆಂಕಿ ಮೇಲಿನಿಂದ ಬರಲಿಲ್ಲ. ಪಕ್ಕದಿಂದ ಬಂತು, ಒಡೆದ ನಲ್ಲಿಯಿಂದ ನೀರು ಚಿಮ್ಮುವ ಹಾಗೆ.

ಅತ್ತಿಗೆ ಕೂಗಲಿಲ್ಲ. ಎದ್ದು ನಿಂತು, ಉರಿಯುತ್ತಿದ್ದ ತಮ್ಮ ಎಡ ತೋಳನ್ನು ಬೇರೆ ಯಾರದೋ ತೋಳು ಎಂಬಂತೆ ನೋಡಿದರು. ಆಮೇಲೆ ತೊಟ್ಟಿಲಿನ ಕಡೆ ನೋಡಿದರು. ಐದು ತಿಂಗಳ ಕೂಸು ಅಡುಗೆಮನೆಯ ಬಾಗಿಲಾಚೆ, ಕೈಗೆಟುಕುವಷ್ಟು ಹತ್ತಿರದಲ್ಲಿ ಮಲಗಿತ್ತು. ನಾನು ಓಡಿಹೋಗಿ ಅತ್ತಿಗೆಯ ಸೀರೆ ಎಳೆದು ಬಿಸಾಡಿದೆ. ಅವ್ವ ಬಚ್ಚಲ ಬಾಗಿಲಿನಲ್ಲಿದ್ದ ಒದ್ದೆ ಗೋಣಿಚೀಲವನ್ನು ತಂದು ಅತ್ತಿಗೆಯ ತೋಳಿಗೆ ಸುತ್ತಿ ಅಪ್ಪಿ ಹಿಡಿದಳು. ಅಣ್ಣ ಸೋಪಿನ ಮುಖದಲ್ಲೇ ಬಂದು, ಸ್ಟೌವನ್ನು ಕವೆಗೋಲಿನಿಂದ ತಳ್ಳಿಕೊಂಡು ಹೋಗಿ ಹಿತ್ತಲಿಗೆ ಉರುಳಿಸಿದ. ಅದು ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ಸೀಮೆಎಣ್ಣೆ ಮುಗಿಯುವ ತನಕ ಉರಿಯಿತು. ಆರಿದ ಮೇಲೂ ಯಾರೂ ಅದರ ಹತ್ತಿರ ಹೋಗಲಿಲ್ಲ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು ಅವು. ನಾವು ಮಂಡ್ಯದಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಅಪ್ಪ ಇರಲಿಲ್ಲ. ಅಣ್ಣನಿಗೆ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ನಾನು ಬಿ.ಎಸ್ಸಿ. ಮುಗಿಸಿ ಮದ್ದೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ, ದಿನವೂ ಬಸ್ಸಿನಲ್ಲಿ ಓಡಾಟ. ಗೋಡೆ ಮಸಿಯಾಗುತ್ತದೆ ಎಂದು ಮನೆಯ ಮಾಲೀಕರು ಸೌದೆ ಒಲೆಯನ್ನು ಒಡೆಸಿ ತೆಗೆಸಿದ್ದರು. ಹಾಗಾಗಿ ಪಂಪ್ ಸ್ಟೌವು ಬಂದಿತ್ತು. ಅದು ಕಾಫಿ ಕಾಯಿಸುವವರ ಒಲೆ, ಅನ್ನ ಬೇಯಿಸುವವರ ಒಲೆ. ನಮ್ಮ ಕಡೆ ಹಿಟ್ಟು ಎಂದರೆ ಮುದ್ದೆ, ಅದನ್ನು ತೊಳಸುವುದೆಂದರೆ ಜಗಳ ಆಡಿದ ಹಾಗೆ. ಅದಕ್ಕೇ ಅವ್ವ ಪಾತ್ರೆಯನ್ನು ನೆಲಕ್ಕೆ ಇಳಿಸಿ, ಕವೆಗೋಲನ್ನು ಪಾದದಿಂದ ಒತ್ತಿ ಹಿಡಿದು ತೊಳಸುತ್ತಿದ್ದಳು. ಬಾಣಂತನ ಮುಗಿಸಿಕೊಂಡು ಬಂದ ಸೊಸೆಗೆ ಮಾತ್ರ, ಇನ್ನೂ ಹಸಿ ಮೈ, ಸೊಂಟ ಬಗ್ಗಿಸಬೇಡ, ಒಲೆಯ ಮೇಲೇ ತೊಳಸಿಬಿಡು ಎಂದಿದ್ದಳು. ಒಳ್ಳೆಯದಕ್ಕೆ ಹೇಳಿದ ಮಾತು.

ಆಸ್ಪತ್ರೆಯಲ್ಲಿ ನರ್ಸಮ್ಮ ಮೊದಲು ತೋಳು ನೋಡಿದರು, ಆಮೇಲೆ ಅವ್ವನ ಮುಖ ನೋಡಿದರು. ಏನಾಯಿತೆಂದು ಕೇಳಿದಾಗ ಅಣ್ಣ, ಸ್ಟೌವು ಸಿಡಿಯಿತು ಎಂದ. ಆ ಎರಡು ಪದಗಳು ಬಾಯಿಂದ ಹೊರಬಿದ್ದ ಮೇಲೆ ಅಲ್ಲಿದ್ದವರೆಲ್ಲ ಅವ್ವನ ಕಡೆ ತಿರುಗಿದರು. ಪತ್ರಿಕೆಗಳಲ್ಲಿ ಆಗಾಗ ಒಂದು ಮೂಲೆಯಲ್ಲಿ ಬರುತ್ತಿದ್ದ ಸುದ್ದಿ ಅದು. ಸ್ಟೌವು ಸಿಡಿದು ಗೃಹಿಣಿಯ ಸಾವು. ಓದಿದವರು ಯಾರೂ ಸ್ಟೌವನ್ನು ನೆನೆಯುತ್ತಿರಲಿಲ್ಲ, ಅತ್ತೆಯನ್ನು ನೆನೆಯುತ್ತಿದ್ದರು. ನರ್ಸಮ್ಮ ನಮ್ಮನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡು, ಅತ್ತಿಗೆಯ ಹತ್ತಿರ ಒಬ್ಬರೇ ಮಾತಾಡಿದರು. ಹೊರಗೆ ಬೆಂಚಿನ ಮೇಲೆ ಅವ್ವ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವಳ ಅಂಗೈಗಳೂ ಸುಟ್ಟಿದ್ದವು. ಅದನ್ನು ಅವಳು ಯಾರಿಗೂ ತೋರಿಸಲಿಲ್ಲ.

ತೋಳು ಉಳಿಯಿತು. ಚರ್ಮ ಮಾತ್ರ ಮೊಣಕೈಯಿಂದ ಮಣಿಕಟ್ಟಿನ ತನಕ ಬೇರೆಯೇ ಬಣ್ಣಕ್ಕೆ ತಿರುಗಿತು.

ಅತ್ತಿಗೆಯ ತಂದೆ ಮಳವಳ್ಳಿಯ ಹತ್ತಿರದ ಹಳ್ಳಿಯವರು. ಸುದ್ದಿ ಮುಟ್ಟಿದ ಕೂಡಲೇ ಬಸ್ಸು ಹತ್ತಿ ಬಂದರು. ಎತ್ತರದ ಆಳು. ನಮ್ಮ ಅಡುಗೆಮನೆಯ ಬಾಗಿಲಿನಲ್ಲಿ ತಲೆ ಬಗ್ಗಿಸಿ ನಿಂತು ಕಪ್ಪಾದ ಗೋಡೆಯನ್ನು ನೋಡಿದರು, ಹಿತ್ತಲಿಗೆ ಹೋಗಿ ಸ್ಟೌವನ್ನು ನೋಡಿದರು. ಕಾಫಿ ಕೊಟ್ಟರೆ ಮುಟ್ಟಲಿಲ್ಲ. ಆಮೇಲೆ ಅಣ್ಣನನ್ನು ಕರೆದು ಕೂರಿಸಿಕೊಂಡರು.

"ನೋಡಿ ಅಳಿಮಯ್ಯ, ನಂಗೆ ನಿಮ್ ಮ್ಯಾಲೆ ಅನುಮಾನ ಇಲ್ಲ. ನಿಮ್ಮವ್ವನ ಮ್ಯಾಲೂ ಇಲ್ಲ. ಜನ ಅಂತಾರೆ, ಅನ್ಲಿ ಬುಡಿ. ನಂಗೆ ಅನುಮಾನ ಇರೋದು ಒಲೆ ಮ್ಯಾಲೆ. ಬ್ಯಾರೆ ಒಲೆ ತಂದು ಮಡಗಿ. ನಾನೇ ಬಂದು ಕಣ್ಣಾರ ನೋಡ್ತೀನಿ. ಅಲ್ಲೀಗಂಟ ಮಗಳು ಕೂಸು ನನ್ನಟ್ಟಿಲಿರ್ತವೆ."

ಒಲೆ ಸರಿಯಿಲ್ಲದಿದ್ದರೆ ಏನು ಎಂದು ಅಣ್ಣ ಕೇಳಲಿಲ್ಲ, ಅವರೂ ಹೇಳಲಿಲ್ಲ. ಸಂಜೆಯ ಬಸ್ಸಿಗೆ ಅತ್ತಿಗೆ ಹೊರಟರು. ಕೂಸನ್ನು ಬಲಗೈಯಲ್ಲಿ ಎತ್ತಿಕೊಂಡಿದ್ದರು, ಎಡಗೈ ಎದೆಯ ಮೇಲೆ ಕಟ್ಟಿತ್ತು. ಬೀದಿಯ ಹೆಂಗಸರು ಬಾಗಿಲುಗಳಲ್ಲಿ ನಿಂತು ನೋಡಿದರು. ಬಸ್ಸು ಹೊರಟ ಮೇಲೂ ಅಣ್ಣ ನಿಲ್ದಾಣದಲ್ಲಿ ನಿಂತೇ ಇದ್ದ.

ಅವತ್ತಿನಿಂದ ನಮ್ಮ ಮನೆಯ ನಿದ್ದೆ ಹೋಯಿತು. ಮನೆಯಲ್ಲಿ ಒಲೆಯೇ ಇರಲಿಲ್ಲ, ಪಕ್ಕದ ಮನೆಯಿಂದ ತಂದ ಇದ್ದಿಲಿನ ಒಲೆಯನ್ನು ಹಿತ್ತಲಿನಲ್ಲಿ ಹಚ್ಚಿ ಅಷ್ಟಿಷ್ಟು ಬೇಯಿಸಿಕೊಳ್ಳುತ್ತಿದ್ದೆವು. ಆದರೂ ಸೀಮೆಎಣ್ಣೆಯ ವಾಸನೆ ಬಂತೆಂದು ಅವ್ವ ಎದ್ದು ಕೂರುವಳು. ಇಲ್ಲ, ಮಲಗು ಎನ್ನುತ್ತ ಅಣ್ಣ ಎದ್ದು ಹೋಗಿ ಮೂಸಿ ಬರುವನು. ನನಗೆ ವಾಸನೆಯಲ್ಲ, ಸದ್ದು. ಕಣ್ಣು ಮುಚ್ಚಿದರೆ ಆ ಭರ್ರೆನ್ನುವುದು ಶುರುವಾಗುತ್ತಿತ್ತು, ನಾನು ಬಿಕ್ಕಳಿಕೆಗೆ ಕಾಯುತ್ತ ಮಲಗಿರುತ್ತಿದ್ದೆ.

ಹೀಗೆ ನಾವು ಒಲೆ ಹುಡುಕಲು ಹೊರಟೆವು. ಅವ್ವ ಒಂದೇ ಮಾತು ಹೇಳಿ ಕಳಿಸಿದ್ದಳು, ಹಿಟ್ಟು ತಡೆಯಬೇಕು. ಅಣ್ಣ ಅದನ್ನು ಶಾಸನದ ಹಾಗೆ ತೆಗೆದುಕೊಂಡ. ಮದ್ದೂರಿನ ಪೇಟೆಯಲ್ಲಿ ಬತ್ತಿ ಸ್ಟೌವು ಮಾರುವ ಅಂಗಡಿಗೆ ಹೋದಾಗ, ಸ್ಟೌವನ್ನು ನೆಲದ ಮೇಲಿಟ್ಟು, ಮಂಡಿಯೂರಿ, ಎರಡೂ ಕೈಯಿಂದ ಅದುಮಿ ಅತ್ತ ಇತ್ತ ಅಲ್ಲಾಡಿಸಿದ. ತಗಡು ನರಳಿತು. ಅಂಗಡಿಯವನು ಗಲ್ಲಾ ಬಿಟ್ಟು ಎದ್ದು ಬಂದ.

"ಏನ್ ಸಾರ್, ಒಲೆ ತಗಳಕ್ಕೆ ಬಂದ್ರಾ, ಕುಸ್ತಿ ಆಡಕ್ಕೆ ಬಂದ್ರಾ?"

ಹಿಟ್ಟು ತೊಳಸಲು ಆಗುತ್ತದೆಯೇ ಎಂದು ನಾನು ಕೇಳಿದೆ. ಆತ ನನ್ನನ್ನೂ ಅಣ್ಣನನ್ನೂ ಒಮ್ಮೆ ನೋಡಿ, ಇಡೀ ತಾಲ್ಲೂಕೇ ಇದರ ಮೇಲೆ ಹಿಟ್ಟು ತೊಳಸುತ್ತದೆ ಎಂದ. ನಿಮ್ಮ ಮನೆಯಲ್ಲಿ, ಎಂದು ಅಣ್ಣ ಕೇಳಿದ. ನಮ್ಮ ಮನೇಲಿ ಸೌದೆ ಒಲೆ ಸಾರ್, ಎಂದ ಅಂಗಡಿಯವನು. ನಾವು ಬಸ್ ನಿಲ್ದಾಣಕ್ಕೆ ವಾಪಸು ಬರುವಾಗ ಅಣ್ಣ ನಕ್ಕ. ಆ ದಿನಗಳಲ್ಲಿ ಅವನು ನಕ್ಕಿದ್ದು ನನಗೆ ನೆನಪಿರುವುದು ಅದೊಂದೇ ಸಲ.

ಸೋಮನಹಳ್ಳಿಯಲ್ಲಿ ಹೆದ್ದಾರಿಯ ಪಕ್ಕ ಒಂದು ವೆಲ್ಡಿಂಗ್ ಶೆಡ್ಡಿನವನು ಹೊಟ್ಟಿನ ಒಲೆ ಮಾಡಿಕೊಡುತ್ತಾನೆ ಎಂದು ಕಾರ್ಖಾನೆಯಲ್ಲಿ ಯಾರೋ ಹೇಳಿದರು. ಮುಂದಿನ ಭಾನುವಾರ ಅಲ್ಲಿಗೆ ಹೋದೆವು. ದಪ್ಪ ತಗಡಿನ ಡಬ್ಬ, ಒಳಗೆ ಮರದ ಹೊಟ್ಟನ್ನು ಗಟ್ಟಿಯಾಗಿ ತುಂಬಿ ನಡುವೆ ತೂತು ಬಿಟ್ಟು ಹಚ್ಚುವುದು. ಅದು ಅಣ್ಣನ ಭಾರವನ್ನೆಲ್ಲ ತಡೆಯಿತು. ಅವನು ಅದರ ಮೇಲೆ ಹತ್ತಿ ನಿಂತೂ ನೋಡಿದ. ಆದರೆ ಹಚ್ಚಿ ತೋರಿಸಿದಾಗ ಶೆಡ್ಡಿನ ತುಂಬ ಹೊಗೆ ಎದ್ದಿತು. ನಡುವೆ ಆರಿಸುವುದು ಹೇಗೆ ಎಂದು ನಾನು ಕೇಳಿದೆ. ಆರಿಸಕ್ಕಾಗಲ್ಲ ಕಣಮ್ಮ, ಅದಾಗದೇ ಉರ್ದು ಮುಗೀಬೇಕು, ಎಂದ ಆತ. ಆ ಮಾತು ಕೇಳಿ ಅಣ್ಣ ಡಬ್ಬದಿಂದ ಎರಡು ಹೆಜ್ಜೆ ಹಿಂದೆ ಸರಿದ. ಕರೆಂಟಿನ ಒಲೆಯನ್ನು ನಾವು ಅಂಗಡಿಯ ಗಾಜಿನಾಚೆಯಿಂದಲೇ ನೋಡಿ ಬಿಟ್ಟೆವು. ಕೆಂಪಗೆ ಕಾದ ಸುರುಳಿಯ ಪಕ್ಕ ಕವೆಗೋಲು ಒತ್ತಿ ಹಿಡಿಯುವ ಒದ್ದೆ ಕೈ ಹೇಗಿರುತ್ತದೆ ಎಂದು ಇಬ್ಬರಿಗೂ ಒಟ್ಟಿಗೇ ಹೊಳೆದಿರಬೇಕು.

ಅಷ್ಟರಲ್ಲಿ ಮಳವಳ್ಳಿಯಿಂದ ಬಂದವರೊಬ್ಬರು, ನಿಮ್ಮ ಅತ್ತಿಗೆ ಅಲ್ಲಿ ಒಲೆಯ ಮುಂದೆ ಕೂರುವುದಿಲ್ಲವಂತೆ ಎಂದರು. ತವರಿನಲ್ಲಿ ನೀರು ಸೇದುತ್ತಾರಂತೆ, ಬಟ್ಟೆ ಒಗೆಯುತ್ತಾರಂತೆ, ಬೆಂಕಿ ಹಚ್ಚುವ ಹೊತ್ತಿಗೆ ಕೂಸನ್ನು ಎತ್ತಿಕೊಂಡು ಊರ ಬಾಗಿಲಿಗೆ ಹೋಗಿಬಿಡುತ್ತಾರಂತೆ. ಅವರಪ್ಪ ಇನ್ನು ಕಳಿಸುವುದಿಲ್ಲ ಎಂದು ಊರಲ್ಲಿ ಮಾತು, ಎಂದೂ ಸೇರಿಸಿದರು. ಅವ್ವ ಆ ದಿನ ಊಟ ಮಾಡಲಿಲ್ಲ.

ನನ್ನ ಶಾಲೆಯಲ್ಲಿ ಒಬ್ಬ ಟೀಚರಿದ್ದರು. ಅವರ ಗಂಡನಿಗೆ ಉತ್ತರದ ಕಡೆ ವರ್ಗವಾಗಿತ್ತು. ಅವರ ಮನೆಯಲ್ಲಿ ಗ್ಯಾಸ್ ಒಲೆ ಇತ್ತು. ಆಗ ಗ್ಯಾಸು ಎಂದರೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು. ನನ್ನ ಮನೆಯ ಕಥೆ ಗೊತ್ತಿದ್ದ ಅವರು, ಒಲೆಯನ್ನೂ ಸಿಲಿಂಡರನ್ನೂ ನೀವೇ ಇಟ್ಟುಕೊಳ್ಳಿ, ಹೆಸರು ಬದಲಾಯಿಸುವುದನ್ನು ಆಮೇಲೆ ನೋಡೋಣ ಎಂದರು. ಮದ್ದೂರಿನ ಅವರ ಮನೆಗೆ ಹೋದಾಗ ಸಾಮಾನೆಲ್ಲ ಗಂಟು ಕಟ್ಟಿತ್ತು, ಲಾರಿ ಬಾಗಿಲಿಗೆ ಬಂದಿತ್ತು. ಒಲೆ ಎರಕದ ಕಬ್ಬಿಣದ್ದು. ಅಣ್ಣ ಅದುಮಿದ, ಅಲ್ಲಾಡಲಿಲ್ಲ. ಟೀಚರು ಅವಸರದಲ್ಲೇ ಹೇಳಿಕೊಟ್ಟರು. ಮೊದಲು ಕಡ್ಡಿ ಗೀರಿ, ಆಮೇಲೆ ತಿರುಪು ತಿರುಗಿಸಿ. ಕೆಲಸ ಮುಗಿದ ಮೇಲೆ ಸಿಲಿಂಡರಿನದನ್ನೂ ನಿಲ್ಲಿಸಿ. ಸ್ವಲ್ಪ ವಾಸನೆ ಬರುತ್ತೆ, ಹೆದರಬೇಡಿ. ಅಷ್ಟೇ. ಉರಿಯುತ್ತಿರುವುದು ನಡುವೆ ತಾನಾಗಿ ಆರಿಹೋದರೆ ಏನು ಎಂದು ನಾವೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಸೌದೆ ಒಲೆ ಆರಿದರೆ ಆರಿತು, ಮತ್ತೆ ಊದಿದರಾಯಿತು. ನಮ್ಮ ತಲೆಯಲ್ಲಿ ಬೆಂಕಿ ಎಂದರೆ ಅದೇ.

ಒಳ್ಳೆಯ ದಿನ ನೋಡಿ ಅವ್ವ ಮಳವಳ್ಳಿಗೆ ಹೇಳಿ ಕಳಿಸಿದಳು. ಹೊಸ ಒಲೆಗೆ ಮೊದಲ ಬೆಂಕಿ ಸೊಸೆಯೇ ಹಚ್ಚಬೇಕು, ಹಾಲು ಉಕ್ಕಿಸಬೇಕು. ಅತ್ತಿಗೆ ತಂದೆಯ ಜೊತೆ ಬೆಳಗಿನ ಬಸ್ಸಿಗೆ ಬಂದಿಳಿದರು. ಬ್ಯಾಂಡೇಜು ಬಿಚ್ಚಿತ್ತು, ಉದ್ದ ತೋಳಿನ ರವಿಕೆ ತೊಟ್ಟಿದ್ದರು. ಜೊತೆಯಲ್ಲಿ ಬಟ್ಟೆಯ ಗಂಟು ಇರಲಿಲ್ಲ. ಅದನ್ನು ಅವ್ವ ಗಮನಿಸಿದಳು, ನಾನೂ ಗಮನಿಸಿದೆ. ಸಂಜೆಗೆ ವಾಪಸು ಹೋಗಲು ಸಿದ್ಧವಾಗಿಯೇ ಬಂದಿದ್ದರು.

ಅವ್ವ ಕೂತು ಅಡುಗೆ ಮಾಡುವವಳು. ಆದ್ದರಿಂದ ಗ್ಯಾಸ್ ಒಲೆಯನ್ನು ನೆಲದ ಮೇಲೆಯೇ ಇಟ್ಟಿದ್ದೆವು, ದೇವರ ಮುಂದೆ. ಇರುವ ಮೂರು ಕೋಣೆಯ ಮನೆಯಲ್ಲಿ ದೇವರ ಪಟಗಳು ಅಡುಗೆಮನೆಯ ಮೂಲೆಯಲ್ಲೇ ಇದ್ದವು. ಒಲೆಗೆ ಅರಿಸಿನ ಕುಂಕುಮ ಹಚ್ಚಿ, ಸಿಲಿಂಡರಿಗೂ ಹೂವು ಮುಡಿಸಿದ್ದಳು. ಕೂಸನ್ನು ಅಲ್ಲೇ ನೆಲದ ಮೇಲೆ ಚಾಪೆ ಹಾಸಿ ಮಲಗಿಸಿದರು. ಅದು ಆಗ ಮಗುಚಿಕೊಳ್ಳಲು ಕಲಿತಿತ್ತು. ದಿನವೂ ನೆಲದ ಮೇಲೆ ಇರುತ್ತಿದ್ದ ಕಾಲುದೀಪವನ್ನು, ಕೂಸು ಕೈ ಹಾಕೀತು ಎಂದು ಅವ್ವ ಎತ್ತಿ ಗೋಡೆಯ ಮೇಲಿನ ಗೂಡಿನಲ್ಲಿ ಇಟ್ಟಳು. ಬೇರೇನೂ ಯೋಚಿಸಿ ಮಾಡಿದ್ದಲ್ಲ.

ಅತ್ತಿಗೆ ಕಡ್ಡಿ ಗೀರಿ, ಮುಖ ಹಿಂದಕ್ಕೆ ಸರಿಸಿ ಬರ್ನರಿಗೆ ಚಾಚಿದರು. ಅಣ್ಣ ತಿರುಪು ತಿರುಗಿಸಿದ. ನೀಲಿ ಉರಿ ಎದ್ದು ಗಾಳಿಗೆ ಬಳುಕಿತು. ಅಣ್ಣ ಕಿಟಕಿ ಮುಚ್ಚಿದ. ಉರಿ ನೆಟ್ಟಗಾಯಿತು, ಸಣ್ಣಗೆ ಸುಯ್ಯೆನ್ನತೊಡಗಿತು. ಹಾಲಿನ ಪಾತ್ರೆಯನ್ನು ಕಂಠದ ತನಕ ತುಂಬಿಸಿದ್ದಳು ಅವ್ವ. ಚೆನ್ನಾಗಿ ಉಕ್ಕಲಿ ಎಂದು ತಿರುಪನ್ನು ಪೂರ್ತಿ ತಿರುಗಿಸಲು ಹೇಳಿದಳು. ನಾವೆಲ್ಲ ಸುತ್ತ ನಿಂತಿದ್ದೆವು. ಅತ್ತಿಗೆಯ ತಂದೆ ಬಾಗಿಲಿಗೆ ಒರಗಿ, ಕೈ ಕಟ್ಟಿಕೊಂಡು, ಒಲೆಯಿಂದ ಕಣ್ಣು ತೆಗೆಯದೆ ನಿಂತಿದ್ದರು.

ಹಾಲು ಉಕ್ಕಿತು. ಮೂಡಣ ದಿಕ್ಕಿಗೆ ಉಕ್ಕಿತು, ನೊರೆಯಾಗಿ ನಾಲ್ಕೂ ಕಡೆ ಇಳಿದು ಬರ್ನರಿನ ಮೇಲೆಲ್ಲ ಹರಿಯಿತು. ಅವ್ವನ ಮುಖ ಅರಳಿತು. ಬಾಗಿಲಿನಲ್ಲಿ ಮಳವಳ್ಳಿಯ ಮಾವನೂ ತಲೆ ಆಡಿಸಿದರು. ಅವ್ವ ಕಾಯಿ ಒಡೆದಳು, ಗೂಡಿನ ದೀಪದಲ್ಲಿ ಊದುಬತ್ತಿ ಹಚ್ಚಿ ಹಣ್ಣಿಗೆ ಚುಚ್ಚಿದಳು, ಒಲೆಗೆ ಹೂವು ಏರಿಸಿದಳು, ಬಾಯಲ್ಲೇ ಏನೋ ಹೇಳಿಕೊಳ್ಳುತ್ತ ಕೈ ಮುಗಿದಳು. ಊದುಬತ್ತಿಯ ಹೊಗೆ, ಸೀದ ಹಾಲಿನ ವಾಸನೆ, ಹೂವಿನ ವಾಸನೆ. ಒಲೆ ಸುಯ್ಯೆನ್ನುತ್ತಲೇ ಇತ್ತು.

ನಾನು ಇಷ್ಟು ವರ್ಷ ತಿರುಗಿ ತಿರುಗಿ ನೋಡುವುದು ಈ ಭಾಗವನ್ನೇ. ಆ ಸದ್ದು ನಮಗೆಲ್ಲರಿಗೂ ಕೇಳುತ್ತಿತ್ತು. ಪಂಪ್ ಸ್ಟೌವಿನ ಮನೆಯಲ್ಲಿ ಬೆಳೆದ ಕಿವಿಗಳು ನಮ್ಮವು. ಸದ್ದು ಇದ್ದರೆ ಒಲೆ ಉರಿಯುತ್ತಿದೆ, ಸದ್ದು ನಿಂತರೆ ಆರಿದೆ. ಸುಯ್ಯೆನ್ನುತ್ತಿದೆ, ಆದ್ದರಿಂದ ಉರಿಯುತ್ತಿದೆ, ಆದ್ದರಿಂದ ಎಲ್ಲ ಸರಿಯಾಗಿದೆ. ಪಾತ್ರೆಯ ಅಡಿಯಲ್ಲಿ ನೀಲಿ ಬಣ್ಣ ಇಲ್ಲ ಎಂಬುದನ್ನು ಯಾರೂ ಬಗ್ಗಿ ನೋಡಲಿಲ್ಲ. ಹಾಲು ಉರಿಯನ್ನು ಆರಿಸಿ ಎಷ್ಟೋ ಹೊತ್ತಾಗಿತ್ತು. ಪೂರ್ತಿ ತಿರುಗಿಸಿದ ತಿರುಪಿನಿಂದ ಅನಿಲ ಹೊರಬೀಳುತ್ತ ನೆಲದ ಮೇಲೆ ಹರಡಿಕೊಳ್ಳುತ್ತಿತ್ತು. ಅದು ಗಾಳಿಗಿಂತ ಭಾರ. ಮೇಲಕ್ಕೆ ಏಳುವುದಿಲ್ಲ, ನೀರಿನ ಹಾಗೆ ತಗ್ಗಿನಲ್ಲಿ ನಿಲ್ಲುತ್ತದೆ. ಚಾಪೆಯ ಮೇಲೆ ಕೂಸು ಕಾಲು ಆಡಿಸುತ್ತಿತ್ತು. ಗೂಡಿನಲ್ಲಿ, ನಮ್ಮ ತಲೆಗಿಂತ ಮೇಲೆ, ದೀಪ ಉರಿಯುತ್ತಿತ್ತು.

ಅವ್ವ ಮಂಗಳಾರತಿ ತಟ್ಟೆಯನ್ನು ಒಲೆಯ ಮುಂದೆ ನೆಲದ ಮೇಲಿಟ್ಟು, ಕರ್ಪೂರ ಹಾಕಿ, ಬೆಂಕಿಪೊಟ್ಟಣ ತೆಗೆದುಕೊಂಡಳು. ಕಡ್ಡಿಯನ್ನು ಪೊಟ್ಟಣಕ್ಕೆ ತಾಗಿಸಿಯೂ ಆಗಿತ್ತು.

ಅತ್ತಿಗೆ ಬಗ್ಗಿ ಅವ್ವನ ಮಣಿಕಟ್ಟು ಹಿಡಿದರು. ಸುಟ್ಟ ಕೈಯಿಂದಲೇ ಹಿಡಿದರು.

"ಗೀರಬ್ಯಾಡಿ ಅತ್ತೆ. ಸದ್ದು ಅದೆ, ಬೆಂಕಿ ಇಲ್ಲ."

ಅವ್ವನಿಗೆ ಅರ್ಥವಾಗಲಿಲ್ಲ. ಮಂಗಳಾರತಿಯ ಹೊತ್ತಿನಲ್ಲಿ ಕೈ ಹಿಡಿಯುವುದು ಸಣ್ಣ ವಿಷಯವಲ್ಲ. ಒಂದು ಕ್ಷಣ ಇಬ್ಬರೂ ಹಾಗೇ ಇದ್ದರು, ಕಡ್ಡಿ ಇಬ್ಬರ ಬೆರಳುಗಳ ನಡುವೆ. ಅಷ್ಟರಲ್ಲಿ ನನ್ನ ಮೂಗಿಗೂ ಅದು ಬಡಿಯಿತು, ಊದುಬತ್ತಿಯ ಅಡಿಯಿಂದ, ಕೊಳೆತ ಈರುಳ್ಳಿಯಂಥದು. ನಾನು ತಿರುಪು ನಿಲ್ಲಿಸಿದೆ. ಸದ್ದು ನಿಂತಿತು. ಆ ನಿಶ್ಶಬ್ದದಲ್ಲಿ ಎಲ್ಲರಿಗೂ ತಿಳಿಯಿತು. ಅತ್ತಿಗೆ ಕೂಸನ್ನು ಚಾಪೆ ಸಮೇತ ಎತ್ತಿಕೊಂಡು ಹೊರಗೆ ನಡೆದರು. ಅಣ್ಣ ಕಿಟಕಿಯನ್ನೂ ಹಿತ್ತಲ ಬಾಗಿಲನ್ನೂ ತೆರೆದ. ನಾನು ಊದುಬತ್ತಿಗಳನ್ನು ನೀರಿನ ಚೊಂಬಿಗೆ ಅದ್ದಿದೆ. ಆಮೇಲೆ ನನ್ನ ಕಣ್ಣು ಗೂಡಿನ ಕಡೆ ಹೋಯಿತು, ಅವ್ವನ ಕಣ್ಣೂ ಹೋಯಿತು. ದೇವರ ದೀಪ ಆರಿತು ಎಂದು ಬಾಯಲ್ಲೂ ಅನ್ನದವಳು, ಶಾಂತವಾಯಿತು ಎನ್ನುವವಳು, ಕಾಲ ಬೆರಳ ಮೇಲೆ ನಿಂತು ಕೈ ಎತ್ತಿ ಬತ್ತಿಯನ್ನು ಬರಿಗೈಯಲ್ಲಿ ಚಿವುಟಿ ಆರಿಸಿದಳು.

ಹೊರಗೆ ಜಗಲಿಯ ಮೇಲೆ ಎಲ್ಲರೂ ಕೂತೆವು. ಯಾರಿಗೂ ಒಳಗೆ ಹೋಗುವ ಧೈರ್ಯವಿರಲಿಲ್ಲ. ಮಳವಳ್ಳಿಯ ಮಾವ ಎದ್ದು ನಿಂತರು.

"ನೋಡಿದ್ದಾಯ್ತು," ಎಂದರು. "ನಡಿ ಮಗ. ಮದ್ಯಾನ್ನದ ಬಸ್ಸಿಗೇ ಓಗವ."

ಅಣ್ಣ ತಲೆ ತಗ್ಗಿಸಿ ಕೂತಿದ್ದ. ಅತ್ತಿಗೆ ಏಳಲಿಲ್ಲ. ಕೂಸಿನ ತಲೆಯನ್ನು ಸವರುತ್ತ ಅಣ್ಣನ ಕಡೆ ತಿರುಗಿ, ಇಡೀ ಬೀದಿಗೆ ಕೇಳುವಂತೆ ಅಲ್ಲ, ಆದರೆ ಸ್ಪಷ್ಟವಾಗಿ ಕೇಳಿದರು.

"ಮದ್ದೂರ್ಗೋದ್ರಿ, ಸೋಮ್ನಳ್ಳಿಗೋದ್ರಿ. ಅದುಮಿ ನೋಡಿದ್ರಿ, ಅತ್ತಿ ನೋಡಿದ್ರಿ. ಅದ್ರ ಮುಂದೆ ಕುಂತ್ಕೊಳೋಳು ನಾನು. ಎಂತದು ಬೇಕಮ್ಮಿ ಅಂತ ಯಾರಾರ ನನ್ನ ಕೇಳಿದ್ರಾ?"

ಅವ್ವ ಸೊಸೆಯ ಪಕ್ಕಕ್ಕೆ ಸರಿದು ಕೂತು, ಈಗ ಹೇಳವ್ವ, ಯಾವುದು ಬೇಕು, ಎಂದಳು. ಅತ್ತಿಗೆ ಒಳಗಿನ ಕಡೆ ನೋಡಿದರು.

"ಇದೇ ಇರ್ಲಿ. ಆ ಪಂಪಿಂದು ಒಂದ್ ಮಾತ್ ಏಳ್ದೆ ಮಾಡ್ತು. ಇದು ಏಳ್ತು, ವಾಸ್ನೆಲೂ ಏಳ್ತು, ಸದ್ನಲ್ಲೂ ಏಳ್ತು. ನಮಗೇ ಅದ್ರ ಮಾತು ಗೊತ್ತಿರ್ನಿಲ್ಲ. ಆದ್ರೆ ನೆಲದ ಮ್ಯಾಲೆ ಬ್ಯಾಡ."

ಅವರಪ್ಪ ಒಪ್ಪಲಿಲ್ಲ. ತಂದೆ ಮಗಳ ನಡುವೆ ಜಗಲಿಯ ಮೇಲೇ ಮಾತು ಬೆಳೆಯಿತು. ಕೊನೆಗೆ ತೀರ್ಮಾನವಾದದ್ದು ಇಷ್ಟು. ಅತ್ತಿಗೆ ಈಗ ತಂದೆಯ ಜೊತೆ ಹೋಗುತ್ತಾರೆ. ಅವರು ಹೇಳಿದ ಹಾಗೆ ಅಡುಗೆಮನೆ ಆದ ಮೇಲೆ ಒಬ್ಬರೇ ಬರುತ್ತಾರೆ, ಯಾರೂ ಕರೆತರಬೇಕಾಗಿಲ್ಲ. ಅದನ್ನು ನಂಬುವುದೋ ಬಿಡುವುದೋ ನಮಗೆ ತಿಳಿಯಲಿಲ್ಲ. ಅವರಪ್ಪ ಹೋಗುವಾಗ ಅವ್ವನಿಗೆ ಕೈ ಮುಗಿದರು. ಆ ಮುಗಿದ ರೀತಿ ನನಗೆ ಹೆದರಿಕೆ ತರಿಸಿತು. ಮತ್ತೆ ಬರುವವರು ಹಾಗೆ ಮುಗಿಯುವುದಿಲ್ಲ.

ಅಣ್ಣ ಮಾಲೀಕರ ಕಾಲಿಗೆ ಬೀಳುವುದೊಂದು ಬಾಕಿ, ಕಿಟಕಿಯ ಕೆಳಗೆ ಸೊಂಟದೆತ್ತರಕ್ಕೆ ಕಲ್ಲಿನ ಕಟ್ಟೆ ಹಾಕಿಸಲು ಒಪ್ಪಿಸಿದ. ಗೋಡೆಯ ತಳದಲ್ಲಿ, ನೆಲಕ್ಕೆ ತಾಗಿದಂತೆ, ಒಂದು ತೂತು ಕೊರೆಸಿ ಜಾಲರಿ ಹಾಕಿಸಿದೆವು. ಅದು ನಾನು ಹೇಳಿದ್ದು. ದೇವರನ್ನು ನಡುಮನೆಗೆ ತಂದದ್ದು ಮಾತ್ರ ಅವ್ವನ ತೀರ್ಮಾನ. ಪಟಗಳನ್ನು ಒಂದೊಂದಾಗಿ ಎತ್ತಿ ತರುವಾಗ ಅವಳು ಅವುಗಳ ಹತ್ತಿರ ಏನೋ ಮಾತಾಡುತ್ತಿದ್ದಳು, ಬಾಡಿಗೆ ಮನೆ ಬಿಡುವವರಿಗೆ ಸಮಾಧಾನ ಹೇಳುವ ಹಾಗೆ. ಕಟ್ಟೆ ಒಣಗುವ ತನಕ ಒಲೆಯನ್ನು ಯಾರೂ ಮುಟ್ಟಲಿಲ್ಲ. ಸಿಲಿಂಡರು ಹಿತ್ತಲಿನಲ್ಲಿ, ಗೋಣಿಚೀಲ ಹೊದ್ದು ನಿಂತಿತ್ತು. ಕತ್ತಲಾದ ಮೇಲೆ ಆ ಕಡೆ ಹೋಗಲು ನನಗೆ ಆಗುತ್ತಿರಲಿಲ್ಲ. ಬೆಳದಿಂಗಳಲ್ಲಿ ಅದು ಹಿತ್ತಲಿಗೆ ಬಂದು ನಿಂತ ಮನುಷ್ಯನ ಹಾಗೆ ಕಾಣುತ್ತಿತ್ತು.

ಒಂದು ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ಅತ್ತಿಗೆ ನಿಂತಿದ್ದರು, ಕಂಕುಳಲ್ಲಿ ಕೂಸು, ತಲೆಯ ಮೇಲೆ ಬಟ್ಟೆಯ ಗಂಟು. ಅವ್ವ ಗಂಟನ್ನು ಇಳಿಸಿಕೊಂಡು ಒಳಗೆ ಹೊತ್ತು ನಡೆದಳು.

ಬಂದ ಮೇಲೂ ಅತ್ತಿಗೆ ಕೂಡಲೇ ಒಲೆ ಹಚ್ಚಲಿಲ್ಲ. ಹಿಂದಿನ ಬೀದಿಯಲ್ಲಿ ಗ್ಯಾಸು ಬಳಸುತ್ತಿದ್ದ ಬ್ಯಾಂಕಿನವರ ಮನೆಯೊಂದಿತ್ತು. ಅಲ್ಲಿಗೆ ಹೋಗಿ ಆ ಮನೆಯ ಹೆಂಗಸಿನ ಹತ್ತಿರ ಹಚ್ಚುವುದು, ಆರಿಸುವುದು, ಮತ್ತೆ ಹಚ್ಚುವುದು ಮಾಡಿದರು. ಉರಿ ಇರುವಾಗ ಸದ್ದು ಹೇಗಿರುತ್ತದೆ, ಇಲ್ಲದಾಗ ಹೇಗಿರುತ್ತದೆ ಎಂದು ಕಣ್ಣು ಮುಚ್ಚಿ ಕೇಳುತ್ತಿದ್ದರಂತೆ. ನಿಮ್ಮ ಅತ್ತಿಗೆ ವೀಣೆ ಕಲಿಯೋರ ಹಾಗೆ ಕೂತ್ಕೋತಾರೆ ಎಂದು ಆಕೆ ನನ್ನನ್ನು ನಿಲ್ಲಿಸಿ ಹೇಳಿದರು. ನಮ್ಮ ಮನೆಯಲ್ಲಿ ಮೊದಲ ಸಲ ಹಚ್ಚಿದ ದಿನ ನಾವು ಮೂವರೂ ಹಿತ್ತಲಿನಲ್ಲಿದ್ದೆವು. ಅತ್ತಿಗೆ ಕಿಟಕಿ ತೆರೆದಿಟ್ಟು, ಕೂಸನ್ನು ನನ್ನ ಕೈಗೆ ಕೊಟ್ಟು, ಒಬ್ಬರೇ ಒಳಗೆ ಹೋದರು. ಪಾತ್ರೆ ಅರ್ಧ ಮಾತ್ರ ತುಂಬಿತ್ತು, ಹಾಲು ಉಕ್ಕಲಿಲ್ಲ, ಯಾರೂ ಕರ್ಪೂರ ಹಚ್ಚಲಿಲ್ಲ.

ಹಿಟ್ಟಿನ ವಿಷಯದಲ್ಲಿ ಅತ್ತಿಗೆಯ ಷರತ್ತು ಬೇರೆಯೇ ಇತ್ತು. ಎಂಥ ಒಲೆಯಾದರೂ ಅದರ ಮೇಲೆ ತೊಳಸುವುದಿಲ್ಲ. ಒಲೆ ಆರಿಸಿ ಪಾತ್ರೆಯನ್ನು ಇಳಿಸಿದ ಮೇಲೆ ಅಣ್ಣ ಬಂದು ನೆಲದ ಮೇಲೆ ಕೂತು ಒತ್ತಿ ಹಿಡಿ‌ಯಬೇಕು. ಕಾರ್ಖಾನೆಯ ಸ್ನೇಹಿತನೊಬ್ಬ ಒಂದು ಬೆಳಗ್ಗೆ ಬಂದು ಅದನ್ನು ಕಂಡು, ಏನ್ಲಾ, ನಿನ್ನೇ ಒಲೆ ಮಾಡವ್ಳಲ್ಲಾ ಎಂದು ನಕ್ಕ. ಅಣ್ಣ ಪಾತ್ರೆ ಬಿಡಲಿಲ್ಲ.

ಆದರೂ ನಿದ್ದೆ ಬೇಗ ಬರಲಿಲ್ಲ. ಮಲಗುವ ಮೊದಲು ಅತ್ತಿಗೆ ಸಿಲಿಂಡರಿನ ತಿರುಪು ನಿಲ್ಲಿಸಿ, ನಡುಮನೆಗೆ ಬಂದು, ನಿಲ್ಲಿಸಿದ್ದೇನೆ ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದರು. ಹೇಳಿದ ಮೇಲೂ ಒಬ್ಬರಲ್ಲ ಒಬ್ಬರು ಏಳುತ್ತಿದ್ದೆವು. ನಾನು ಕತ್ತಲಲ್ಲಿ ತಡವಿಕೊಂಡು ಹೋದರೆ ಅಲ್ಲಿ ಆಗಲೇ ಅವ್ವ ತಿರುಪಿನ ಮೇಲೆ ಕೈಯಿಟ್ಟು ನಿಂತಿರುತ್ತಿದ್ದಳು. ದೀಪ ಹಾಕಲು ಇಬ್ಬರಿಗೂ ಭಯ. ನೋಡಿದ್ದೇನೆ, ಹೋಗು, ಎನ್ನುತ್ತಿದ್ದಳು. ನಾನು ಅವಳ ಕೈ ಸರಿಸಿ ಮತ್ತೆ ನಾನೇ ಮುಟ್ಟಿ ನೋಡುತ್ತಿದ್ದೆ. ಮುಟ್ಟಿದ ಮೇಲೂ, ಗಟ್ಟಿಯಾಗಿ ತಿರುಗಿಸುವ ಭರದಲ್ಲಿ ಉಲ್ಟಾ ತಿರುಗಿಸಿಬಿಟ್ಟೆನೇ ಎಂದು ಹಾಸಿಗೆಗೆ ಬಂದು ಯೋಚಿಸುತ್ತಿದ್ದೆ. ಆ ಅಭ್ಯಾಸ ಅವ್ವನಿಗೂ ಅಣ್ಣನಿಗೂ ಹೋಯಿತು, ನನಗೆ ಪೂರ್ತಿ ಹೋಗಿಲ್ಲ. ಗೂಡಿನಲ್ಲಿದ್ದ ದೀಪ ನೆಲದ ಮೇಲಿದ್ದಿದ್ದರೆ ಎಂದು ಈಗಲೂ ಯಾವುದೋ ಕೆಲಸದ ನಡುವೆ ಕೈ ನಿಲ್ಲುತ್ತದೆ.

ಆಮೇಲೆ ಒಂದು ದಿನ, ಕಬ್ಬು ಅರೆಯುವ ಕಾಲ ಶುರುವಾಗಿತ್ತು, ಬೀದಿಯಲ್ಲಿ ಗಾಡಿಗಳ ಸಾಲು ನಿಂತಿತ್ತು, ನಮ್ಮನ್ನು ಎಬ್ಬಿಸಿದ್ದು ಕಾರ್ಖಾನೆಯ ಸೈರನ್ನು. ಬಿಸಿಲು ಆಗಲೇ ಒಳಗೆ ಬಂದಿತ್ತು. ಅಣ್ಣ ಪಾಳಿ ತಪ್ಪಿತೆಂದು ದಡಬಡಿಸಿ ಎದ್ದ. ಅವ್ವ ಹಾಸಿಗೆಯ ಮೇಲೇ ಕೂತು, ರಾತ್ರಿ ನೀನು ಎದ್ದಿದ್ದೆಯಾ ಎಂದು ನನ್ನನ್ನು ಕೇಳಿದಳು. ಇಲ್ಲ ಎಂದೆ. ಅಣ್ಣನನ್ನು ಕೇಳಿದಳು. ಅವನೂ ಎದ್ದಿರಲಿಲ್ಲ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅತ್ತಿಗೆ ಕೂಸಿನ ಪಕ್ಕದಲ್ಲಿ, ಎಡಗೈಯನ್ನು ತಲೆಯಡಿ ಮಡಿಸಿಕೊಂಡು ಗಾಢವಾಗಿ ಮಲಗಿದ್ದರು. ಅಣ್ಣ ಕಾಫಿಗೆಂದು ಅವರನ್ನು ಕೂಗಲು ಹೊರಟ.

"ಎಬ್ಬಿಸ್ಬ್ಯಾಡ ಕಣ್ಲಾ," ಎಂದಳು ಅವ್ವ. "ವಸಿ ಮಲಿಕ್ಕಳ್ಲಿ ಬುಡು."